ಪ್ರಯೋಗಾಲಯದಲ್ಲಿ ಹೆಚ್ಚಿದ ರೋಗನಿರೋಧಕ ಶಕ್ತಿ ಕ್ಯಾನ್ಸರ್ ರೋಗಿಗೆ ಎಷ್ಟು ದಕ್ಕುತ್ತದೆ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಈಗ ಕಿಮೋ ನಡೆಯುತ್ತಿದೆ. ಸಂಬಂಧಿಕರೊಬ್ಬರು ಅಮೃತಬಳ್ಳಿ, ಅರಿಸಿನ ಮತ್ತು ಒಂದು ಬಗೆಯ ಅಣಬೆಯ ಸಾರ ಸೇರಿಸಿದ ಕ್ಯಾಪ್ಸೂಲುಗಳನ್ನು ತಂದುಕೊಟ್ಟಿದ್ದಾರೆ. ಪ್ರಯೋಗಾಲಯದ ಸಂಶೋಧನೆಯಲ್ಲಿ ಎನ್‌ಕೆ ಕೋಶಗಳ ಚಟುವಟಿಕೆ 300% ಹೆಚ್ಚಿತು, ಕ್ಯಾನ್ಸರ್ ಕೋಶಗಳ ಬೆಳವಣಿಗೆ 70% ಕುಗ್ಗಿತು, ಇಲಿಗಳಲ್ಲಿ ಗೆಡ್ಡೆ ಅರ್ಧಕ್ಕಿಳಿಯಿತು ಎಂದು ಜೊತೆಗಿರುವ ಕರಪತ್ರ ಹೇಳುತ್ತದೆ. ಇದನ್ನು ನಂಬಬಹುದೆ? ಇಂಥ ಸಂಶೋಧನೆಯನ್ನು ನಿಜಕ್ಕೂ ಹೇಗೆ ಮಾಡುತ್ತಾರೆ? ಅಮ್ಮನ ಕೌಂಟ್ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿರುವಾಗ ರೋಗನಿರೋಧಕ ಶಕ್ತಿ ಹೆಚ್ಚಿಸುವುದು ಒಳ್ಳೆಯದೇ ಅಲ್ಲವೆ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಚಿಕಿತ್ಸೆ ನೀಡುತ್ತಿರುವ ಆಂಕಾಲಜಿಸ್ಟ್ ಸ್ಪಷ್ಟವಾಗಿ ಒಪ್ಪದ ಹೊರತು ಈ ಕ್ಯಾಪ್ಸೂಲುಗಳನ್ನು ಕಿಮೋ ನಡೆಯುತ್ತಿರುವಾಗ ನಿಮ್ಮ ತಾಯಿಗೆ ಕೊಡಬೇಡಿ. ಅದರ ಕಾರಣಗಳನ್ನು ಕೊನೆಯ ಭಾಗದಲ್ಲಿ ವಿವರಿಸಿದ್ದೇನೆ. ಆದರೆ ಇಂಥ ಸಂಶೋಧನೆ ಹೇಗೆ ನಡೆಯುತ್ತದೆ ಎಂದೂ ನೀವು ಕೇಳಿದ್ದೀರಿ. ಹಾಗೆ ಕೇಳುವವರು ಅಪರೂಪವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಕರಪತ್ರದ ಮೂರು ಹೇಳಿಕೆಗಳೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಅಂಥ ಅಳತೆಗಳು ಯಾವುದೋ ಪ್ರಯೋಗಾಲಯದಲ್ಲಿ ನಿಜವಾಗಿಯೇ ಬಂದಿರಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಈ ಮೂರೂ ಬೇರೆ ಬೇರೆ ಪ್ರಯೋಗಗಳು, ಮೂರು ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ಅವುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದಾಗ ಓದುಗರ ಮನಸ್ಸಿನಲ್ಲಿ ತಾನಾಗಿಯೇ ಒಂದು ಕಥೆ ಹುಟ್ಟಿಕೊಳ್ಳುತ್ತದೆ: ಕ್ಯಾಪ್ಸೂಲು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ, ಆ ಶಕ್ತಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ, ಆದ್ದರಿಂದ ಗೆಡ್ಡೆ ಕುಗ್ಗುತ್ತದೆ. ಈ ಕಥೆಯನ್ನು ಮೂರು ಪ್ರಯೋಗಗಳಲ್ಲಿ ಯಾವುದೂ ಪರೀಕ್ಷಿಸಿರುವುದಿಲ್ಲ.

ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳಿಂದ ಆರಂಭಿಸೋಣ. ಇವು ರಕ್ತದಲ್ಲಿರುವ ಲಿಂಫೋಸೈಟುಗಳೆಂಬ ಬಿಳಿಯ ಕಣಗಳ ಒಂದು ಬಗೆ; ಆರೋಗ್ಯವಂತರಲ್ಲಿ ಲಿಂಫೋಸೈಟುಗಳ ಪೈಕಿ ಸುಮಾರು 5ರಿಂದ 15% ಇವೇ ಇರುತ್ತವೆ. 1975ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಕೀಸ್ಲಿಂಗ್, ಕ್ಲೈನ್ ಮತ್ತು ವಿಗ್ಜೆಲ್ ಅವರೂ ಅದೇ ಕಾಲಕ್ಕೆ ಅಮೆರಿಕದಲ್ಲಿ ಹರ್ಬರ್ಮನ್ ಅವರ ತಂಡವೂ ಇವುಗಳನ್ನು ಗುರುತಿಸಿದವು. ಮೊದಲೇ ಗೆಡ್ಡೆಯ ಪರಿಚಯವಿಲ್ಲದ ಇಲಿಯ ಕೋಶಗಳು ಕೂಡ ಕೆಲವು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಆ ಕಾಲದ ಸಂಶೋಧಕರಿಗೆ ಪ್ರಯೋಗವನ್ನು ಕೆಡಿಸುವ ಕಿರಿಕಿರಿಯಾಗಿ ಕಂಡಿತ್ತು. ಆ ಕಿರಿಕಿರಿಯನ್ನೇ ಬೆನ್ನುಹತ್ತಿದವರಿಗೆ ಹೊಸದೊಂದು ಬಗೆಯ ಕೋಶ ಸಿಕ್ಕಿತು. ನಮ್ಮ ದೇಹದ ಬಹುಪಾಲು ಕೋಶಗಳ ಮೇಲ್ಮೈಯಲ್ಲಿ ಎಂಎಚ್‌ಸಿ ಒಂದನೆಯ ವರ್ಗ ಎಂಬ ಪ್ರೋಟೀನುಗಳಿರುತ್ತವೆ. ಅವು ಕಾಣದಿದ್ದಾಗ ಎನ್‌ಕೆ ಕೋಶ ದಾಳಿ ಮಾಡುತ್ತದೆ ಎಂಬುದನ್ನು 1980ರ ದಶಕದಲ್ಲಿ ಕ್ಲಾಸ್ ಕೆರೆ ತೋರಿಸಿಕೊಟ್ಟರು.

ಚಟುವಟಿಕೆಯನ್ನು ಅಳೆಯುವ ಹಳೆಯ, ಈಗಲೂ ಮಾದರಿಯೆನಿಸಿರುವ ವಿಧಾನ ಕ್ರೋಮಿಯಂ ಬಿಡುಗಡೆಯ ಪರೀಕ್ಷೆ. ದಾನಿಯೊಬ್ಬರ ರಕ್ತವನ್ನು ತೆಳುಗೊಳಿಸಿ, ಫೈಕಾಲ್ ಎಂಬ ದ್ರಾವಣದ ಮೇಲೆ ಪದರ ಕಲಸಿಹೋಗದಂತೆ ಕೊಳವೆಯ ಗೋಡೆಗುಂಟ ನಿಧಾನವಾಗಿ ಇಳಿಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ಸುಮಾರು ಅರ್ಧ ಗಂಟೆ ತಿರುಗಿಸುತ್ತಾರೆ. ಕೆಂಪು ಕಣಗಳು ತಳ ಸೇರುತ್ತವೆ, ಹಳದಿ ಪ್ಲಾಸ್ಮಾ ಮೇಲುಳಿಯುತ್ತದೆ, ಎರಡರ ನಡುವೆ ಮಬ್ಬಾದ ಒಂದು ತೆಳು ಉಂಗುರ ನಿಲ್ಲುತ್ತದೆ. ಅದನ್ನು ಪಿಪೆಟ್ಟಿನಿಂದ ಹೀರಿ ತೆಗೆದರೆ ಎನ್‌ಕೆ ಕೋಶಗಳನ್ನೂ ಒಳಗೊಂಡ ಬಿಳಿಯ ಕಣಗಳು ಕೈಗೆ ಬರುತ್ತವೆ. ಇನ್ನೊಂದೆಡೆ ಕೆ562 ಎಂಬ ರಕ್ತಕ್ಯಾನ್ಸರಿನ ಕೋಶಗಳಿಗೆ ವಿಕಿರಣಶೀಲ ಕ್ರೋಮಿಯಂ-51 ಉಣಿಸಿ ತೊಳೆದಿಟ್ಟಿರುತ್ತಾರೆ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಇವೆರಡನ್ನೂ ಬೆರೆಸಿ, 37 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು, ಸತ್ತ ಕೋಶಗಳಿಂದ ದ್ರವಕ್ಕೆ ಸೋರಿದ ಕ್ರೋಮಿಯಮ್ಮನ್ನು ಗಾಮಾ ಕೌಂಟರಿನಲ್ಲಿ ಎಣಿಸುತ್ತಾರೆ. ಯಾರೂ ಕೊಲ್ಲದೆಯೂ ಒಂದಿಷ್ಟು ಕ್ರೋಮಿಯಂ ತಾನಾಗಿ ಸೋರುವುದರಿಂದ ಅದನ್ನು ಕಳೆಯಬೇಕು. ಮಾರ್ಜಕ ಹಾಕಿ ಎಲ್ಲ ಕೋಶಗಳನ್ನೂ ಒಡೆದಾಗ ಬರುವ ಗರಿಷ್ಠ ಎಣಿಕೆಯನ್ನು ನೂರಕ್ಕೆ ನೂರು ಎಂದು ಹಿಡಿಯಬೇಕು. ತಾನಾಗಿ ಸೋರಿದ್ದು 200, ಗರಿಷ್ಠ 2000, ಎನ್‌ಕೆ ಕೋಶಗಳ ಜೊತೆ ಇಟ್ಟಾಗ ಬಂದದ್ದು 290 ಎಂದಾದರೆ, 1800ಕ್ಕೆ 90, ಅಂದರೆ 5% ಕೋಶಗಳು ಸತ್ತಿವೆ ಎಂದರ್ಥ.

ಈಗ ಸಾರವನ್ನು ಸೇರಿಸಿದ ಗುಳಿಯಲ್ಲಿ ಎಣಿಕೆ 560 ಬಂತೆನ್ನಿ. 1800ಕ್ಕೆ 360, ಅಂದರೆ 20%. ಐದರಿಂದ ಇಪ್ಪತ್ತಕ್ಕೆ ಏರಿದ್ದನ್ನು 300% ಹೆಚ್ಚಳ ಎಂದು ಬರೆದರೆ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ನೂರರಲ್ಲಿ ಎಂಬತ್ತು ಕ್ಯಾನ್ಸರ್ ಕೋಶಗಳು ಇನ್ನೂ ಬದುಕಿವೆ ಎಂಬುದು ಆ ವಾಕ್ಯದಲ್ಲಿ ಕಾಣುವುದಿಲ್ಲ. ಅದೂ ಒಂದು ಕ್ಯಾನ್ಸರ್ ಕೋಶಕ್ಕೆ ಐವತ್ತು ಬಿಳಿಯ ಕಣಗಳಂತೆ ಬೆರೆಸಿದಾಗ ಬರುವ ಫಲಿತಾಂಶ. ಗಟ್ಟಿ ಗೆಡ್ಡೆಗಳ ಒಳಗೆ ಎನ್‌ಕೆ ಕೋಶಗಳು ತೀರ ವಿರಳ. ಇನ್ನು ಕೆ562ನ್ನು ಎಲ್ಲರೂ ಬಳಸುವುದೇಕೆಂದರೆ, ಅದರ ಮೇಲ್ಮೈಯಲ್ಲಿ ಎಂಎಚ್‌ಸಿ ಪ್ರೋಟೀನುಗಳು ಇಲ್ಲದ ಕಾರಣ ಎನ್‌ಕೆ ಕೋಶಗಳಿಗೆ ಅದು ಅತಿ ಸುಲಭದ ತುತ್ತು. ಅಳತೆಯ ಪರೀಕ್ಷೆಗೆ ಇದು ಅನುಕೂಲ. ಸ್ತನದ ಗೆಡ್ಡೆಯ ಕೋಶಗಳು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇಲ್ಲಿ ಇನ್ನೂ ಎರಡು ತೊಡಕುಗಳಿವೆ. ಮೊದಲನೆಯದು, ರಕ್ತದಲ್ಲಿನ ಎನ್‌ಕೆ ಕೋಶಗಳ ಸಂಖ್ಯೆ ಒಂದೇ ದಿನದೊಳಗೆ ಏರಿಳಿಯುತ್ತಿರುತ್ತದೆ. ಬಿರುಸಾಗಿ ಮೆಟ್ಟಿಲು ಹತ್ತಿದರೆ ಅಡ್ರಿನಲಿನ್ ಪ್ರಭಾವದಿಂದ ಅವು ರಕ್ತನಾಳಗಳ ಗೋಡೆ ಬಿಟ್ಟು ನಿಮಿಷಗಳಲ್ಲಿ ರಕ್ತಕ್ಕೆ ಇಳಿಯುತ್ತವೆ, ವಿಶ್ರಾಂತಿಯ ಬಳಿಕ ಮೊದಲಿಗಿಂತಲೂ ಕಡಿಮೆಯಾಗುತ್ತವೆ. ಆದ್ದರಿಂದ ಕ್ಯಾಪ್ಸೂಲು ನುಂಗುವ ಮೊದಲು ಮತ್ತು ನಂತರ ರಕ್ತ ತೆಗೆದು ಹೋಲಿಸಿದ ಅಧ್ಯಯನದಲ್ಲಿ ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ತೆಗೆದುಕೊಂಡ ಗುಂಪು ಇಲ್ಲದಿದ್ದರೆ ಅದಕ್ಕೆ ಬೆಲೆ ಕೊಡಲಾಗದು. ಎರಡನೆಯದು ಗಿಡಮೂಲಿಕೆ ಸಾರಗಳ ಮಟ್ಟಿಗೆ ಇನ್ನೂ ಮುಖ್ಯ: ಎಂಡೋಟಾಕ್ಸಿನ್. ಇದು ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ಅಂಶ. ಮಣ್ಣಿನಲ್ಲಿ ಬೆಳೆದು, ಬಿಸಿಲಿನಲ್ಲಿ ಒಣಗಿ, ಪುಡಿಯಾಗಿ ಬರುವ ಯಾವುದೇ ಬೇರು ಬಳ್ಳಿಯಲ್ಲಿ ಇದು ಸೇರಿಕೊಂಡಿರಬಹುದು, ಕುದಿಸಿದರೂ ಹೋಗುವುದಿಲ್ಲ. ರಕ್ತದ ಬಿಳಿಯ ಕಣಗಳು ನ್ಯಾನೋಗ್ರಾಂ ಪ್ರಮಾಣದ ಎಂಡೋಟಾಕ್ಸಿನ್ನಿಗೂ ಕೆರಳಿ ಸೈಟೊಕೈನುಗಳೆಂಬ ಸಂದೇಶವಾಹಕ ಪ್ರೋಟೀನುಗಳನ್ನು ಸುರಿಸುತ್ತವೆ, ಆ ಸೈಟೊಕೈನುಗಳು ಎನ್‌ಕೆ ಕೋಶಗಳನ್ನು ಚುರುಕುಗೊಳಿಸುತ್ತವೆ. ಹಾಗಾಗಿ ಬಳ್ಳಿಯ ಗುಣವೆಂದು ಪ್ರಕಟವಾದದ್ದು ಬ್ಯಾಕ್ಟೀರಿಯಾದ ಕೊಳೆಯ ಗುಣವಾಗಿರುವ ಸಾಧ್ಯತೆ ಸದಾ ಇರುತ್ತದೆ. ಹಾರ್ಸ್‌ಶೂ ಏಡಿಯ ರಕ್ತದಿಂದ ತಯಾರಿಸುವ ಲಿಮ್ಯುಲಸ್ ಪರೀಕ್ಷೆಯಿಂದ ಇದನ್ನು ಪತ್ತೆಹಚ್ಚಬಹುದು. ಸಾರಗಳ ಬಗೆಗಿನ ಪ್ರಬಂಧ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಈ ಪರೀಕ್ಷೆಯ ಉಲ್ಲೇಖವನ್ನು. ಅದಿಲ್ಲದಿದ್ದರೆ ಮುಂದೆ ಓದುವ ಉತ್ಸಾಹ ಅರ್ಧ ಇಳಿದಿರುತ್ತದೆ.

ಕ್ಯಾನ್ಸರ್ ಕೋಶಗಳ ಬೆಳವಣಿಗೆ 70% ಕುಗ್ಗಿತು ಎಂಬ ಎರಡನೆಯ ಹೇಳಿಕೆ ಬಹುಮಟ್ಟಿಗೆ ಎಂಟಿಟಿ ಪರೀಕ್ಷೆಯಿಂದ ಬಂದಿರುತ್ತದೆ. 1983ರಲ್ಲಿ ಟಿಮ್ ಮೊಸ್ಮನ್ ಪ್ರಕಟಿಸಿದ ಈ ವಿಧಾನದಲ್ಲಿ ಹಳದಿ ಬಣ್ಣದ ಎಂಟಿಟಿ ಲವಣವನ್ನು ಕೋಶಗಳಿಗೆ ಹಾಕುತ್ತಾರೆ. ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳಾಗಿ ಮಾರ್ಪಡಿಸುತ್ತವೆ. ಹರಳುಗಳನ್ನು ಕರಗಿಸಿ 570 ನ್ಯಾನೋಮೀಟರಿನಲ್ಲಿ ಬಣ್ಣದ ಗಾಢತೆಯನ್ನು ಓದಿದರೆ ಎಷ್ಟು ಕೋಶಗಳು ಉಳಿದಿವೆ ಎಂಬ ಅಂದಾಜು ಸಿಗುತ್ತದೆ. ಅಗ್ಗ, ಸುಲಭ, ಒಂದೇ ದಿನದಲ್ಲಿ ಹಲವು ತಟ್ಟೆಗಳನ್ನು ಮುಗಿಸಬಹುದು. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಲ್ಲಿ ಇದು ಇಷ್ಟೊಂದು ಕಾಣಿಸಿಕೊಳ್ಳುವುದಕ್ಕೆ ಅದೇ ಕಾರಣ. ಆದರೆ ಈ ಪರೀಕ್ಷೆ ಅಳೆಯುವುದು ಕೋಶದ ಚಯಾಪಚಯವನ್ನು. ಕೋಶ ಸತ್ತಿತೋ, ಸುಮ್ಮನೆ ನಿಧಾನವಾಯಿತೋ, ವಿಭಜನೆ ನಿಲ್ಲಿಸಿತೋ ಎಂಬುದು ಇದರಿಂದ ತಿಳಿಯುವುದಿಲ್ಲ. ಜೊತೆಗೆ, ಉತ್ಕರ್ಷಣ ನಿರೋಧಕ ಗುಣವಿರುವ ಸಸ್ಯಸಾರಗಳು ಕೋಶಗಳ ನೆರವಿಲ್ಲದೆಯೇ ಎಂಟಿಟಿಯನ್ನು ನೇರಳೆ ಮಾಡಬಲ್ಲವು, ಸಾರದ ಸ್ವಂತ ಬಣ್ಣವೂ ಓದುವಿಕೆಯಲ್ಲಿ ಸೇರಿಕೊಳ್ಳಬಹುದು. ಕೋಶಗಳಿಲ್ಲದ ಗುಳಿಯಲ್ಲಿ ಸಾರವನ್ನಷ್ಟೇ ಹಾಕಿ ನೋಡಿದ್ದಾರೆಯೆ ಎಂಬ ಒಂದು ಸಾಲು ಪ್ರಬಂಧದಲ್ಲಿ ಇರಲೇಬೇಕು.

ಎಷ್ಟು ಪ್ರಮಾಣದಲ್ಲಿ ಹಾಕಿದರು ಎಂಬುದು ಇದಕ್ಕಿಂತ ದೊಡ್ಡ ವಿಷಯ. ನಿಮ್ಮ ಕ್ಯಾಪ್ಸೂಲಿನಲ್ಲೇ ಇರುವ ಅರಿಸಿನವನ್ನು ತೆಗೆದುಕೊಳ್ಳಿ. ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂದು ತೋರಿಸಿದ ಪ್ರಯೋಗಗಳು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ ಸಾಂದ್ರತೆಯನ್ನು ಬಳಸುತ್ತವೆ. 2001ರಲ್ಲಿ ತೈವಾನಿನಲ್ಲಿ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಕಂಡ ಸರಾಸರಿ ಗರಿಷ್ಠ ಸಾಂದ್ರತೆ 1.77 ಮೈಕ್ರೋಮೋಲಾರ್ ಮಾತ್ರ. ಅದೂ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತಿತ್ತು. ಕರುಳು ಅದನ್ನು ಹೆಚ್ಚು ಹೀರಿಕೊಳ್ಳುವುದಿಲ್ಲ, ಹೀರಿಕೊಂಡದ್ದನ್ನು ಯಕೃತ್ತು ಬೇಗ ಮಾರ್ಪಡಿಸಿ ಹೊರಹಾಕುತ್ತದೆ. ಅಡುಗೆಯ ಅರಿಸಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಅಂದಾಜು 3%. 8 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ದಿನಕ್ಕೆ ಕಾಲು ಕಿಲೋಗಿಂತ ಹೆಚ್ಚು ಪುಡಿ ತಿನ್ನಬೇಕಾದೀತು. ಹೀಗೆ ತಟ್ಟೆಯಲ್ಲಿ ದೊರೆತ ಸಾಂದ್ರತೆ ರೋಗಿಯ ಗೆಡ್ಡೆಗೆ ತಲುಪುವ ಹಾದಿಯೇ ಇಲ್ಲದಿದ್ದರೆ 70% ಎಂಬ ಅಂಕಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಯಾವ ಕೋಶಗಳ ಮೇಲೆ ಪರೀಕ್ಷೆ ಮಾಡಿದರು ಎಂಬುದನ್ನೂ ನೋಡಬೇಕು. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕೊರಳ ಗೆಡ್ಡೆಯಿಂದ ಬೆಳೆಸಿದ ಹೀಲಾ ಕೋಶಗಳು ಎಷ್ಟು ಹುರುಪಿನಿಂದ ಬೆಳೆಯುತ್ತವೆಂದರೆ, ಮುಂದೆ ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಬೇರೆ ಕೋಶಗಳ ಸೀಸೆಗಳಿಗೆ ನುಸುಳಿ ಅವುಗಳ ಜಾಗವನ್ನೇ ಆಕ್ರಮಿಸಿದವು. ಸ್ತನ ಕ್ಯಾನ್ಸರಿನದೆಂದು ವರ್ಷಗಟ್ಟಲೆ ಬಳಕೆಯಲ್ಲಿದ್ದ ಎಂಡಿಎ-ಎಂಬಿ-435 ಎಂಬ ಕೋಶಗಳು ಚರ್ಮದ ಮೆಲನೋಮಾ ಕ್ಯಾನ್ಸರಿನವು ಎಂದು ಜೀನ್ ಪರೀಕ್ಷೆಗಳು ಆಮೇಲೆ ತೋರಿಸಿದವು. ಈಗ ಒಳ್ಳೆಯ ಪತ್ರಿಕೆಗಳು ಕೋಶಗಳ ಡಿಎನ್‌ಎ ಗುರುತಿನ ಪುರಾವೆ ಕೇಳುತ್ತವೆ.

ಕರಪತ್ರದ ತರ್ಕ ಕುಸಿಯುವುದು ಇಲ್ಲಿಯೇ. ತಟ್ಟೆಯಲ್ಲಿರುವುದು ಕ್ಯಾನ್ಸರ್ ಕೋಶಗಳು, ಪೋಷಕದ್ರವ, ಅದರಲ್ಲಿ ಕರುವಿನ ಸೀರಮ್ಮು. ಅಲ್ಲಿ ರೋಗನಿರೋಧಕ ವ್ಯವಸ್ಥೆಯ ಒಂದು ಕೋಶವೂ ಇಲ್ಲ. ಸಾರವು ಅಲ್ಲಿ ಬೆಳವಣಿಗೆಯನ್ನು ತಡೆದಿದ್ದರೆ ವಿಷವಾಗಿ ತಡೆದಿದೆ, ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿ ತಡೆದಿಲ್ಲ. ವೇಗವಾಗಿ ವಿಭಜನೆಗೊಳ್ಳುವ ಕೋಶಗಳಿಗೆ ವಿಷವಾಗುವ ವಸ್ತು, ಸೋಂಕಿನ ಎದುರು ಅಷ್ಟೇ ವೇಗವಾಗಿ ವಿಭಜನೆಗೊಳ್ಳುವ ಟಿ ಕೋಶಗಳೆಂಬ ರೋಗನಿರೋಧಕ ಕಣಗಳಿಗೂ ವಿಷವಾಗುವ ಸಂಭವ ಹೆಚ್ಚು. ಕಿಮೋ ಔಷಧಗಳಲ್ಲಿ ಆಗುವುದೇ ಅದು. ಆದ್ದರಿಂದ ಒಂದೇ ಸಾರ ಒಂದೇ ಸಾಂದ್ರತೆಯಲ್ಲಿ ಎನ್‌ಕೆ ಕೋಶಗಳನ್ನು ಚುರುಕುಗೊಳಿಸಿ ಕ್ಯಾನ್ಸರ್ ಕೋಶಗಳನ್ನು ಕೊಂದಿತೆ, ಅಥವಾ ಒಂದು ಫಲಿತಾಂಶ ಅತ್ಯಲ್ಪ ಪ್ರಮಾಣದಲ್ಲೂ ಇನ್ನೊಂದು ಅದರ ನೂರುಪಟ್ಟು ಪ್ರಮಾಣದಲ್ಲೂ ಬಂದದ್ದೆ ಎಂದು ಕೇಳಬೇಕು. ಎರಡನ್ನೂ ಒಂದೇ ಪ್ರಯೋಗದಲ್ಲಿ, ಆರೋಗ್ಯವಂತ ಕೋಶಗಳನ್ನೂ ಪಕ್ಕದಲ್ಲಿಟ್ಟು, ಅಳೆದು ತೋರಿಸಿದವರು ನನ್ನ ಓದಿನಲ್ಲಿ ಸಿಕ್ಕಿದ್ದು ಕಡಿಮೆ.

ಇಲಿಗಳ ವಿಷಯಕ್ಕೆ ಬಂದರೆ, ಮೊದಲು ಕೇಳಬೇಕಾದದ್ದು ಯಾವ ಇಲಿ ಎಂದು. ಹುಟ್ಟಿನಿಂದಲೇ ಥೈಮಸ್ ಗ್ರಂಥಿ ಬೆಳೆಯದ, ಮೈಮೇಲೆ ಕೂದಲಿಲ್ಲದ ನ್ಯೂಡ್ ಇಲಿಗಳಲ್ಲಿ ಟಿ ಕೋಶಗಳು ಸರಿಯಾಗಿ ರೂಪುಗೊಳ್ಳುವುದಿಲ್ಲ. ಪರಕೀಯ ಅಂಗಾಂಶವನ್ನು ತಿರಸ್ಕರಿಸಲಾರದ ಈ ಇಲಿಗಳಲ್ಲಿ ಮನುಷ್ಯರ ಗೆಡ್ಡೆಯನ್ನು ಬೆಳೆಸಬಹುದೆಂದು 1969ರಲ್ಲಿ ಡೆನ್ಮಾರ್ಕಿನ ರೈಗಾರ್ಡ್ ಮತ್ತು ಪೋವ್ಲ್ಸನ್ ತೋರಿಸಿದರು. ಔಷಧ ಪರೀಕ್ಷೆಗೆ ಇವು ಬಹಳ ಉಪಯುಕ್ತ. ಆದರೆ ಒಂದು ಕ್ಯಾಪ್ಸೂಲು ರೋಗನಿರೋಧಕ ವ್ಯವಸ್ಥೆಯ ಮೂಲಕ ಕೆಲಸ ಮಾಡುತ್ತದೆ ಎಂದು ಸಾಧಿಸಲು ಆ ವ್ಯವಸ್ಥೆಯ ಅರ್ಧ ಭಾಗವೇ ಇಲ್ಲದ ಪ್ರಾಣಿಯನ್ನು ಬಳಸಿದ್ದರೆ ಅದು ವಿಚಿತ್ರ ಸಾಕ್ಷ್ಯ. ರೋಗನಿರೋಧಕ ಸಂಶೋಧನೆಗೆ ಬೇಕಾದದ್ದು ಪೂರ್ಣ ವ್ಯವಸ್ಥೆಯಿರುವ ಇಲಿ ಮತ್ತು ಅದೇ ತಳಿಯಿಂದ ಬಂದ ಗೆಡ್ಡೆ. ಸ್ತನ ಕ್ಯಾನ್ಸರಿಗಾದರೆ ಬಾಲ್ಬ್-ಸಿ ತಳಿಯಲ್ಲಿ ಬೆಳೆಯುವ 4ಟಿ1 ಗೆಡ್ಡೆ. ಸಾರವನ್ನು ಬಾಯಿಯಿಂದ ಕೊಟ್ಟರೋ ಹೊಟ್ಟೆಗೆ ಚುಚ್ಚಿದರೋ, ಗೆಡ್ಡೆ ಕೈಗೆ ಸಿಗುವಷ್ಟು ಬೆಳೆದ ಮೇಲೆ ಆರಂಭಿಸಿದರೋ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದ ದಿನವೇ ಕೊಟ್ಟರೋ ಎಂಬುದನ್ನೂ ನೋಡಬೇಕು, ಏಕೆಂದರೆ ಅದೇ ದಿನ ಕೊಡುವ ಕ್ರಮದಲ್ಲಿ ಬಹಳಷ್ಟು ವಸ್ತುಗಳು ಯಶಸ್ವಿಯಾಗುತ್ತವೆ, ಆದರೆ ಯಾವ ರೋಗಿಯೂ ಆ ಹಂತದಲ್ಲಿ ಆಸ್ಪತ್ರೆಗೆ ಬರುವುದಿಲ್ಲ. ಪ್ರಮಾಣದ ಲೆಕ್ಕವೂ ಇದೆ: ಇಲಿಗೆ ಪ್ರತಿ ಕಿಲೋಗೆ ಕೊಟ್ಟ ಮಿಲಿಗ್ರಾಮನ್ನು 12.3ರಿಂದ ಭಾಗಿಸಿದರೆ ಮನುಷ್ಯರಿಗೆ ಸಮಾನವಾದ ಪ್ರಮಾಣದ ಸ್ಥೂಲ ಅಂದಾಜು ಸಿಗುತ್ತದೆ. ಇಲಿಗೆ 400 ಮಿಲಿಗ್ರಾಂ ಎಂದಿದ್ದರೆ 60 ಕಿಲೋ ತೂಕದ ವ್ಯಕ್ತಿಗೆ ದಿನಕ್ಕೆ ಹೆಚ್ಚುಕಡಿಮೆ 2 ಗ್ರಾಂ ಬೇಕು. ನಿಮ್ಮ ಕ್ಯಾಪ್ಸೂಲಿನಲ್ಲಿ ಎಷ್ಟಿದೆ ಎಂದು ಲೇಬಲ್ ನೋಡಿ ಹೋಲಿಸಬಹುದು.

ರೋಗನಿರೋಧಕ ವ್ಯವಸ್ಥೆಗೂ ಗೆಡ್ಡೆಗೂ ಇರುವ ಸಂಬಂಧವನ್ನು ಗಂಭೀರವಾಗಿ ಅರಿತದ್ದು ಕೂಡ ಇಲಿಗಳಿಂದಲೇ, ಆ ಹಾದಿ ನೇರವಾಗಿರಲಿಲ್ಲ. ದೇಹ ಹೊಸ ಕ್ಯಾನ್ಸರ್ ಕೋಶಗಳನ್ನು ಸದಾ ಕಾವಲು ಕಾಯ್ದು ಕೊಲ್ಲುತ್ತಿರುತ್ತದೆ ಎಂಬ ವಾದವನ್ನು 1950ರ ದಶಕದ ಕೊನೆಗೆ ಬರ್ನೆಟ್ ಮತ್ತು ಥಾಮಸ್ ಮುಂದಿಟ್ಟರು. 1974ರಲ್ಲಿ ಸ್ಟುಟ್‌ಮನ್ ನ್ಯೂಡ್ ಇಲಿಗಳಿಗೆ ಕ್ಯಾನ್ಸರ್‌ಕಾರಕ ರಾಸಾಯನಿಕ ಚುಚ್ಚಿ, ಅವುಗಳಲ್ಲಿ ಸಾಮಾನ್ಯ ಇಲಿಗಳಿಗಿಂತ ಹೆಚ್ಚು ಗೆಡ್ಡೆ ಬರುವುದಿಲ್ಲ ಎಂದು ತೋರಿಸಿದ ಮೇಲೆ ಆ ವಾದ ಬಹುಕಾಲ ಮೂಲೆಗುಂಪಾಯಿತು. ನ್ಯೂಡ್ ಇಲಿಗಳಲ್ಲಿ ಎನ್‌ಕೆ ಕೋಶಗಳು ಚೆನ್ನಾಗಿಯೇ ಇರುತ್ತವೆ, ಹಾಗಾಗಿ ಅವುಗಳಲ್ಲಿ ಕಾವಲು ಪೂರ್ತಿ ಇಲ್ಲವಾಗಿರಲಿಲ್ಲ. ಆದರೆ ಆ ಕೋಶಗಳು ಪತ್ತೆಯಾದದ್ದೇ ಮರುವರ್ಷ. 2001ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಶ್ರೈಬರ್ ಅವರ ತಂಡ ಟಿ ಮತ್ತು ಬಿ ಕೋಶಗಳೆರಡೂ ಇಲ್ಲದ ಇಲಿಗಳಲ್ಲಿ ಅದೇ ಪ್ರಯೋಗ ಮಾಡಿತು. ಗೆಡ್ಡೆಗಳು ಹೆಚ್ಚು ಬಂದವು. ಆ ಗೆಡ್ಡೆಗಳನ್ನು ಸಾಮಾನ್ಯ ಇಲಿಗಳಿಗೆ ಕಸಿ ಮಾಡಿದಾಗ 20ರಲ್ಲಿ 8 ಗೆಡ್ಡೆಗಳು ತಿರಸ್ಕೃತವಾದವು, ಆದರೆ ಸಾಮಾನ್ಯ ಇಲಿಗಳಲ್ಲೇ ಹುಟ್ಟಿದ ಗೆಡ್ಡೆಗಳು ಬೇರೆ ಸಾಮಾನ್ಯ ಇಲಿಗಳಲ್ಲಿ ಸಲೀಸಾಗಿ ಬೆಳೆದವು. ಅಂದರೆ ರೋಗನಿರೋಧಕ ವ್ಯವಸ್ಥೆಯ ಕಣ್ಗಾವಲಿನಲ್ಲಿ ಬೆಳೆದ ಗೆಡ್ಡೆ ಅದರ ಕಣ್ಣು ತಪ್ಪಿಸುವುದನ್ನು ಆಗಲೇ ಕಲಿತಿತ್ತು.

ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಸೊಗಸಾದ ಪ್ರಯೋಗಗಳಲ್ಲಿ ಇದೊಂದು, ನಿಮ್ಮ ಪ್ರಶ್ನೆಗೂ ಇದು ನೇರವಾಗಿ ತಗಲುತ್ತದೆ. ಮ್ಯಾಮೋಗ್ರಾಮಿನಲ್ಲಿ ಕಾಣುವಷ್ಟು ದೊಡ್ಡದಾದ ಗೆಡ್ಡೆ ಆ ಹೊತ್ತಿಗೆ ರೋಗನಿರೋಧಕ ವ್ಯವಸ್ಥೆಯನ್ನು ದಾಟಿ ಬಂದಿರುತ್ತದೆ. ಅದು ಟಿ ಕೋಶಗಳಿಗೆ ಗುರುತು ಸಿಗದಂತೆ ಎಂಎಚ್‌ಸಿ ಪ್ರೋಟೀನುಗಳನ್ನು ಬಚ್ಚಿಟ್ಟಿರಬಹುದು, ಟಿ ಕೋಶಗಳನ್ನು ಸುಮ್ಮನಾಗಿಸುವ ಪಿಡಿ-ಎಲ್1 ಪ್ರೋಟೀನನ್ನು ಮೈಮೇಲೆ ಹೊತ್ತಿರಬಹುದು, ನಿಯಂತ್ರಕ ಟಿ ಕೋಶಗಳನ್ನೂ ಮ್ಯಾಕ್ರೊಫೇಜುಗಳನ್ನೂ ತನ್ನ ಕಾವಲಿಗೆ ಸೇರಿಸಿಕೊಂಡಿರಬಹುದು. ಆ ಮ್ಯಾಕ್ರೊಫೇಜುಗಳು ರೋಗನಿರೋಧಕ ವ್ಯವಸ್ಥೆಯವೇ, ಆದರೂ ಗೆಡ್ಡೆಗೆ ರಕ್ತನಾಳ ಬೆಳೆಸಿಕೊಡುತ್ತವೆ. ಒಟ್ಟಾರೆ ಶಕ್ತಿಯನ್ನು ಹೆಚ್ಚಿಸಿದರೆ ಯಾವ ಪಕ್ಷ ಬಲಗೊಳ್ಳುತ್ತದೆ ಎಂದು ಮೊದಲೇ ಹೇಳಲಾಗದು. ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು: ಮೂತ್ರಪಿಂಡ ಕಸಿಯ ಬಳಿಕ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ನುಂಗುವವರಲ್ಲಿ ಮತ್ತು ಎಚ್‌ಐವಿ ಪೀಡಿತರಲ್ಲಿ ವೈರಸ್ಸುಗಳಿಗೆ ಸಂಬಂಧಿಸಿದ ಕ್ಯಾನ್ಸರುಗಳು ಬಹಳ ಹೆಚ್ಚುತ್ತವೆ, ಸ್ತನ ಕ್ಯಾನ್ಸರ್ ಹೆಚ್ಚುವುದಿಲ್ಲ. 2007ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಇದನ್ನು ಸ್ಪಷ್ಟವಾಗಿ ತೋರಿಸಿದೆ. ರೋಗನಿರೋಧಕ ಶಕ್ತಿ ಕುಂದಿದ್ದರಿಂದಲೇ ಅಮ್ಮನಿಗೆ ಕ್ಯಾನ್ಸರ್ ಬಂತು ಎಂಬ ಭಾವನೆ ಮನೆಯಲ್ಲಿ ಇದ್ದರೆ ಅದನ್ನು ಬಿಡಬಹುದು.

ಯಶಸ್ವಿಯಾದ ಚಿಕಿತ್ಸೆಗಳು ಶಕ್ತಿ ಹೆಚ್ಚಿಸುವ ಬದಲು ಟಿ ಕೋಶಗಳ ನಿರ್ದಿಷ್ಟ ಬ್ರೇಕುಗಳನ್ನು ಸಡಿಲಿಸಿದವು. ಸಿಟಿಎಲ್‌ಎ-4 ಎಂಬ ಬ್ರೇಕನ್ನು ತಡೆದರೆ ಇಲಿಗಳಲ್ಲಿ ಗೆಡ್ಡೆಗಳು ಕರಗುತ್ತವೆಂದು ಜೇಮ್ಸ್ ಆ್ಯಲಿಸನ್ 1996ರಲ್ಲಿ ತೋರಿಸಿದರು. ಪಿಡಿ-1 ಎಂಬ ಇನ್ನೊಂದು ಬ್ರೇಕನ್ನು ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ತಂಡ 1992ರಲ್ಲಿ ಗುರುತಿಸಿತ್ತು. ಇಬ್ಬರಿಗೂ 2018ರ ನೊಬೆಲ್ ದೊರೆಯಿತು. ಆ್ಯಲಿಸನ್ ಅವರ ಇಲಿಗಳಿಂದ 2011ರಲ್ಲಿ ಸಿಟಿಎಲ್‌ಎ-4 ತಡೆಯುವ ಇಪಿಲಿಮುಮ್ಯಾಬ್ ಔಷಧಕ್ಕೆ ಅನುಮತಿ ಸಿಗುವವರೆಗೆ 15 ವರ್ಷ ಹಿಡಿಯಿತು. ಈ ಔಷಧಗಳು ಟಿ ಕೋಶಗಳನ್ನು ನಿಜವಾಗಿ ಬಿಡುಗಡೆ ಮಾಡುವುದರಿಂದಲೇ ಕೆಲವರಲ್ಲಿ ಕರುಳು, ಥೈರಾಯ್ಡ್, ಯಕೃತ್ತು, ಅಪರೂಪಕ್ಕೆ ಹೃದಯದ ಮೇಲೂ ರೋಗನಿರೋಧಕ ವ್ಯವಸ್ಥೆ ತಿರುಗಿಬೀಳುತ್ತದೆ. ಬಲವಾಗಿ ಕೆಲಸ ಮಾಡುತ್ತದೆ, ಅಡ್ಡಪರಿಣಾಮವೇ ಇಲ್ಲ ಎಂದು ಒಟ್ಟಿಗೆ ಹೇಳುವ ಉತ್ಪನ್ನವನ್ನು ನಾನು ಅನುಮಾನದಿಂದ ನೋಡುವುದು ಇದಕ್ಕಾಗಿಯೇ. 2006ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಟಿ ಕೋಶಗಳನ್ನು ಚುರುಕುಗೊಳಿಸುವ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಆರೋಗ್ಯವಂತ ಸ್ವಯಂಸೇವಕರಿಗೆ, ಪ್ರಾಣಿಗಳಲ್ಲಿ ಸುರಕ್ಷಿತವೆನಿಸಿದ ಪ್ರಮಾಣದ 500ರಲ್ಲಿ ಒಂದು ಭಾಗದಷ್ಟು ಮಾತ್ರ ಕೊಟ್ಟಾಗ, ಎರಡು ಗಂಟೆಯೊಳಗೆ ಎಲ್ಲರೂ ತೀವ್ರ ಅಸ್ವಸ್ಥರಾಗಿ ಐಸಿಯು ಸೇರಬೇಕಾಯಿತು. ಮಂಗಗಳ ಒಂದು ಬಗೆಯ ಟಿ ಕೋಶಗಳ ಮೇಲೆ ಇರದ, ಆ ಪ್ರತಿಕಾಯ ಅಂಟಿಕೊಳ್ಳುವ ಸಿಡಿ28 ಪ್ರೋಟೀನು ಮನುಷ್ಯರ ಆ ಕೋಶಗಳ ಮೇಲಿತ್ತು ಎಂಬುದು ಆಮೇಲೆ ತಿಳಿಯಿತು. ಆರೂ ಜನ ಬದುಕಿದರು.

ಪ್ರಯೋಗಾಲಯದ ಸಂಶೋಧನೆ ನಿಷ್ಪ್ರಯೋಜಕ ಎಂದು ಇದರಿಂದ ತಿಳಿಯಬೇಡಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಕೇಂದ್ರ ಒಟ್ಟಾಗಿ ರೂಪಿಸಿ 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಯೂ (ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆ), ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಸ್ಪೇನಿನಿಂದ ಭಾರತಕ್ಕೆ ತಂದ ಅದೇ ಬಗೆಯ ಚಿಕಿತ್ಸೆಯೂ ಇಂಥ ದಾರಿಯನ್ನೇ ತುಳಿದು ಬಂದಿವೆ: ಮೊದಲು ತಟ್ಟೆಯಲ್ಲಿ ಕೋಶ ಕೋಶವನ್ನು ಕೊಲ್ಲುವ ಅಳತೆ, ಆಮೇಲೆ ಇಲಿ, ಆಮೇಲೆ ಕಟ್ಟುನಿಟ್ಟಿನ ನಿಗಾದಲ್ಲಿ ರೋಗಿಗಳು. ಇವು ಬಿ ಕೋಶಗಳ ರಕ್ತಕ್ಯಾನ್ಸರುಗಳಿಗೆ ಮಾತ್ರ, ಸ್ತನ ಕ್ಯಾನ್ಸರಿಗಲ್ಲ. ಇಡೀ ದಾರಿಯನ್ನು ನಡೆದವರ ಮೊದಲ ಹೆಜ್ಜೆಯನ್ನಷ್ಟೇ ಇಟ್ಟು ಊರು ತಲುಪಿದೆವೆನ್ನುವುದು ಕರಪತ್ರದ ದೋಷ. ಹೆಸರಾಂತ ಪತ್ರಿಕೆಗಳ ಮೊದಲ ಹೆಜ್ಜೆಗಳೇ ಎಷ್ಟು ಅಸ್ಥಿರ ಎಂಬುದಕ್ಕೆ 2021ರಲ್ಲಿ ಮುಗಿದ ಒಂದು ಮರುಪರೀಕ್ಷೆ ಸಾಕ್ಷಿ. ಅದರಲ್ಲಿ ಕ್ಯಾನ್ಸರ್ ಕುರಿತ 23 ಪ್ರಬಂಧಗಳ 50 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಪರಿಣಾಮದ ಗಾತ್ರ ಮೂಲದಲ್ಲಿ ವರದಿಯಾದುದಕ್ಕಿಂತ, ಮಧ್ಯಕದ ಲೆಕ್ಕದಲ್ಲಿ, 85% ಚಿಕ್ಕದಾಗಿತ್ತು.

ಈಗ ನಿಮ್ಮ ತಾಯಿಯ ಕೌಂಟಿನ ವಿಷಯ. ಡಾಕ್ಟರು ಕಡಿಮೆಯಾಗಿದೆ ಎಂದದ್ದು ಬಹುಶಃ ನ್ಯೂಟ್ರೋಫಿಲ್‌ಗಳನ್ನು ಕುರಿತು. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಎನ್‌ಸಿ ಎಂಬ ಸಾಲನ್ನು ನೋಡಿ. ಕಿಮೋ ಮೂಳೆಮಜ್ಜೆಯಲ್ಲಿ ಅವುಗಳ ಉತ್ಪಾದನೆಯನ್ನು ತಾತ್ಕಾಲಿಕವಾಗಿ ಕುಗ್ಗಿಸುತ್ತದೆ, ಸಾಮಾನ್ಯವಾಗಿ ಪ್ರತಿ ಸುತ್ತಿನ 7ರಿಂದ 14ನೇ ದಿನದ ನಡುವೆ ಅತಿ ಕೆಳಮಟ್ಟಕ್ಕೆ ಇಳಿಯುತ್ತವೆ. ಅವು ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ನುಂಗುವ ಕಣಗಳು. ಎನ್‌ಕೆ ಕೋಶಗಳಿಗೂ ಈ ಕೆಲಸಕ್ಕೂ ಸಂಬಂಧ ಕಡಿಮೆ. ನ್ಯೂಟ್ರೋಫಿಲ್ ಇಳಿದಿದೆಯೆಂದು ಎನ್‌ಕೆ ಕೋಶಗಳನ್ನು ಕೆರಳಿಸಲು ಹೊರಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ನ್ಯೂಟ್ರೋಫಿಲ್ ಹೆಚ್ಚಿಸಲು ಜಿ-ಸಿಎಸ್‌ಎಫ್ ಎಂಬ ಚುಚ್ಚುಮದ್ದು ಇದೆ, ಅಗತ್ಯವಿದ್ದರೆ ಡಾಕ್ಟರೇ ಕೊಡುತ್ತಾರೆ.

ಕ್ಯಾಪ್ಸೂಲು ಬೇಡ ಎನ್ನಲು ಕಾರಣ ಅದರಿಂದ ಲಾಭವಿಲ್ಲ ಎಂಬುದಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಮನೆಮನೆಯಲ್ಲೂ ಕುಡಿದಾಗ ಕೆಲವರಿಗೆ ಯಕೃತ್ತಿಗೆ ತೀವ್ರ ಹಾನಿಯಾದದ್ದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಆಕ್ಷೇಪಿಸಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ವಿವರ ಪ್ರಕಟವಾಯಿತು. ಅವರಲ್ಲಿ ಅನೇಕರ ಯಕೃತ್ತಿನ ಮೇಲೆ ಅವರದೇ ರೋಗನಿರೋಧಕ ವ್ಯವಸ್ಥೆ ದಾಳಿ ಮಾಡಿದ ಲಕ್ಷಣಗಳಿದ್ದವು. ಸಾಂದ್ರೀಕರಿಸಿದ ಅರಿಸಿನದ ಮಾತ್ರೆಗಳಿಂದಲೂ, ಅದರಲ್ಲೂ ಹೀರಿಕೆ ಹೆಚ್ಚಿಸಲು ಕರಿಮೆಣಸಿನ ಪೈಪರಿನ್ ಸೇರಿಸಿದವುಗಳಿಂದ, ಯಕೃತ್ತಿನ ಹಾನಿ ದಾಖಲಾಗಿದೆ. ಸಾರು ಪಲ್ಯಕ್ಕೆ ಹಾಕುವ ಅರಿಸಿನದಿಂದ ಈ ಅಪಾಯವಿಲ್ಲ, ಅದನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಸ್ತನ ಕ್ಯಾನ್ಸರಿನಲ್ಲಿ ಬಳಸುವ ಡೋಸಿಟ್ಯಾಕ್ಸೆಲ್‌ನಂಥ ಔಷಧಗಳನ್ನು ಯಕೃತ್ತೇ ದೇಹದಿಂದ ಹೊರಹಾಕಬೇಕು. ಕಿಮೋ ನಡುವೆ ಯಕೃತ್ತಿನ ಕಿಣ್ವಗಳು ಏರಿದರೆ ಮುಂದಿನ ಸುತ್ತನ್ನು ಮುಂದೂಡಬೇಕಾಗಬಹುದು ಅಥವಾ ಔಷಧದ ಪ್ರಮಾಣ ಇಳಿಸಬೇಕಾಗಬಹುದು. ಅದು ಕ್ಯಾಪ್ಸೂಲಿನಿಂದಲೋ ಕಿಮೋದಿಂದಲೋ ಎಂದು ಬೇರ್ಪಡಿಸುವುದು ಡಾಕ್ಟರಿಗೂ ಕಷ್ಟ. ಮುಂದೆ ಟಾಮಾಕ್ಸಿಫೆನ್ ಮಾತ್ರೆ ಬರೆದುಕೊಟ್ಟರೆ ಆಗಲೂ ಕರ್ಕ್ಯುಮಿನ್ ಮಾತ್ರೆಗಳಿಂದ ದೂರವಿರುವುದು ಒಳಿತು, ಏಕೆಂದರೆ ಟಾಮಾಕ್ಸಿಫೆನ್ ದೇಹದಲ್ಲಿ ಮಾರ್ಪಟ್ಟು ಬರುವ ಎಂಡಾಕ್ಸಿಫೆನ್ ಎಂಬ ಸಕ್ರಿಯ ಅಂಶದ ಮಟ್ಟವನ್ನು ಅವು ತಗ್ಗಿಸಿದ್ದು ಒಂದು ಚಿಕ್ಕ ಅಧ್ಯಯನದಲ್ಲಿ ಕಂಡುಬಂದಿದೆ.

ತಾಯಿಯವರು ಈಗಾಗಲೇ ಕೆಲವು ದಿನ ಕ್ಯಾಪ್ಸೂಲು ತೆಗೆದುಕೊಂಡಿದ್ದರೆ ಅದನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಸೀಸೆಯನ್ನೇ ತೆಗೆದುಕೊಂಡು ಹೋಗಿ ತೋರಿಸಿ, ಮುಂದಿನ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಪರೀಕ್ಷೆಯೂ ಸೇರಿದೆಯೆ ಎಂದು ಕೇಳಿ. ತಂದುಕೊಟ್ಟ ಸಂಬಂಧಿಕರ ಮನಸ್ಸು ನೋಯಿಸಬೇಕಾಗಿಲ್ಲ, ಡಾಕ್ಟರು ಸದ್ಯಕ್ಕೆ ಬೇಡ ಎಂದಿದ್ದಾರೆ ಎಂದರೆ ಸಾಕು. ಕೌಂಟ್ ಇಳಿದಿರುವ ದಿನಗಳಲ್ಲಿ ಮನೆಯಲ್ಲಿ ಥರ್ಮಾಮೀಟರ್ ಕೈಗೆ ಸಿಗುವಂತಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ಚಳಿ ನಡುಕ ಬಂದರೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯದೆ, ರಾತ್ರಿಯಾದರೂ ಸರಿ, ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ದು, ಕಿಮೋ ನಡೆಯುತ್ತಿದೆ ಎಂಬುದನ್ನು ಬಾಗಿಲಲ್ಲೇ ಹೇಳಿ.